ಇಲಿಗಳ ಕೌದಿ

ಸಕ್ಕರೆ ಕಾಯಿಲೆ ಸೋತು ಶರಣಾದ ಕಾಲವದು. ತೋಳಿಗೊಂದು ಬಿಲ್ಲೆ ಅಂಟಿಸಿಕೊಂಡರೆ ಮುಗಿಯಿತು. ರಕ್ತದಲ್ಲಿ ಸಕ್ಕರೆ ಎಷ್ಟಿದೆಯೆಂದು ಅದೇ ನೋಡಿ, ಬೇಕಾದಷ್ಟು ಇನ್ಸುಲಿನ್ ಅದೇ ಬಿಟ್ಟು, ಬೇಡವಾದಾಗ ಅದೇ ಸುಮ್ಮನಾಗುತ್ತಿತ್ತು. ಧಾರವಾಡದಲ್ಲಿ ಮದುವೆಯ ಊಟಕ್ಕೆ ಕುಳಿತವರು ಎರಡನೆಯ ಸಲ ಹೋಳಿಗೆ ಹಾಕಿಸಿಕೊಂಡು, ಬಿಲ್ಲೆಯ ಮೇಲೆ ಕೈಯಾಡಿಸಿ, "ಇನ್ನ ನೀ ನೋಡ್ಕೋಪಾ" ಎಂದು ಹೊಣೆಯನ್ನು ಅದರ ಮೇಲೆ ಹಾಕಿಬಿಡುತ್ತಿದ್ದರು. ಹೊಸದಾಗಿ ಕಾಯಿಲೆ ಬಂದವರಿಗೆ ಹೆದರಿಕೆಯಿಲ್ಲ, ಸರಿ. ಆದರೆ ಬಿಲ್ಲೆ ಬರುವ ಮುಂಚೆಯೇ ಇಪ್ಪತ್ತು ಮೂವತ್ತು ವರ್ಷ ಕಾಯಿಲೆಯ ಜೊತೆ ಸಂಸಾರ ಮಾಡಿದವರ ಗತಿ ಏನು? ಕಳ್ಳ ಸಿಕ್ಕ ಮಾತ್ರಕ್ಕೆ ಕದ್ದ ಮಾಲು ಸಿಕ್ಕಂತಾಯಿತೇ? ಅವರ ಕಾಲಿನ ನರಗಳು ಎಂದೋ ಸತ್ತುಹೋಗಿದ್ದವು.

ಊರ ತುಂಬ ಜೋಮು ಹಿಡಿದ ಕಾಲುಗಳು. ಕೆಂಡ ತುಳಿದರೂ ತಿಳಿಯದ, ಮೊಳೆ ಹೊಕ್ಕರೂ ಗೊತ್ತಾಗದ ಕಾಲುಗಳು. ಅದಕ್ಕೆಂದೇ ಸರಕಾರ ಮನೆಗೊಂದು ಕಾಲ್ಗನ್ನಡಿ ಕೊಟ್ಟಿತ್ತು. ಹೊಸ್ತಿಲ ಬಳಿ ಇಡುವ ಗಾಜಿನ ಹಲಗೆ ಅದು. ಮೇಲೆ ನಿಂತರೆ ಅಂಗಾಲನ್ನು ಕೆಳಗಿನಿಂದ ನೋಡಿ, "ಎಡಗಾಲು ಕ್ಷೇಮ, ಬಲಗಾಲು ಕ್ಷೇಮ, ದಯವಿಟ್ಟು ಒಳಗೆ ಬನ್ನಿ" ಎಂದು ವಾರ್ತೆ ಓದುವವರ ಕನ್ನಡದಲ್ಲಿ ಹೇಳುತ್ತಿತ್ತು. ಬರಿಗಾಲು ಕೂಡದು. ಅಡುಗೆಮನೆಗೊಂದು ಜೋಡಿ ಚಪ್ಪಲಿ, ಬಚ್ಚಲಿಗೊಂದು ಜೋಡಿ, ದೇವರ ಜಗಲಿಗೆಂದೇ ಬಟ್ಟೆಯಲ್ಲಿ ಹೊಲಿದದ್ದು ಇನ್ನೊಂದು. "ಜಗಲಿ ಮುಂದ ಚಪ್ಪಲಿ ಹಾಕ್ಕೋಬೇಕ? ಶಿವಶಿವಾ!" ಎಂದು ಮೊದಲು ಕೂಗಾಡಿದ ಅಜ್ಜಿಯರೇ ಆಮೇಲೆ ಅದಕ್ಕೆ ಜರಿಯ ಅಂಚು ಹಚ್ಚಿ ಹೊಲಿಯತೊಡಗಿದರು. ಮನುಷ್ಯ ಯಾವುದಕ್ಕೆ ತಾನೇ ಹೊಂದಿಕೊಳ್ಳುವುದಿಲ್ಲ ಹೇಳಿ!

ಹೊಂದಿಕೊಳ್ಳದವನೊಬ್ಬನಿದ್ದ. ಕುಂಬಾರ ಓಣಿಯ ಗುಂಡಪ್ಪ ಚಕ್ರಸಾಲಿ. ದಿನ ಬೆಳಗಾದರೆ ಕಾಲ್ಗನ್ನಡಿಯ ಜೊತೆ ಅವನ ಜಗಳ ಕಾಯಂ.

"ನನ್ನ ಕಾಲಿನ ಸುದ್ದಿ ನನಗ ಇದು ಹೇಳಬೇಕ? ನನ್ನ ಕಾಲಾಗ ಹುಟ್ಟಿ ಬೆಳದೈತೇನ ಇದು?" ಎಂದು ಗದರುವನು. ಅದು "ದಯವಿಟ್ಟು ಅಲುಗಾಡಬೇಡಿ" ಎನ್ನುವುದು. ಇವನಿಗೆ ಇನ್ನೂ ಸಿಟ್ಟು ಬರುವುದು.

ಅವನ ಸಿಟ್ಟಿಗೆ ಅರ್ಥವಿತ್ತು. ಬೇರೆಯವರಿಗೆ ಕಾಲು ನಡೆಯಲಿಕ್ಕೆ. ಗುಂಡಪ್ಪನಿಗೆ ಕಾಲೇ ಕಸುಬು. ಮಣ್ಣು ತುಳಿಯುವುದೆಂದರೆ ಕುಣಿದಾಡುವುದಲ್ಲ. ಹದಮಾಡಿದ ಮಣ್ಣಿನ ಗುಡ್ಡೆಯನ್ನು ಅಂಚಿನಿಂದ ನಡುವಿನವರೆಗೆ ಹಿಮ್ಮಡಿಯಿಂದ ಒತ್ತುತ್ತ, ಸುತ್ತು ಹಾಕುತ್ತ ಬರಬೇಕು. ಒಳಗೆ ಎಲ್ಲೋ ಒಂದು ಹಳ್ಳು, ನವಣೆಕಾಳಿನಷ್ಟೇ ಸಣ್ಣ ಕಲ್ಲು, ಅಡಗಿ ಕೂತಿರುತ್ತದೆ. ಅದನ್ನು ಅಂಗಾಲು ಹಿಡಿಯಬೇಕು, ಬೆರಳು ಎತ್ತಿ ಆಚೆ ಹಾಕಬೇಕು. ಒಂದು ಹಳ್ಳು ಉಳಿದರೂ ಮಡಕೆ ಸುಡುವ ಆವಿಗೆಯಲ್ಲಿ ಗಡಿಗೆ ಟಪ್ಪೆಂದು ಒಡೆಯುತ್ತದೆ. ಗುಂಡಪ್ಪ ತುಳಿದ ಮಣ್ಣಿನ ಹರವಿ, ನೀರು ತುಂಬುವ ಆ ದೊಡ್ಡ ಮಡಕೆ, ಆವಿಗೆಯಲ್ಲಿ ಒಡೆದದ್ದನ್ನು ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ಹಳಿಯಾಳದವರು, ನವಲಗುಂದದವರು ಗಾಡಿ ಕಟ್ಟಿಸಿಕೊಂಡು ಬಂದು ಒಯ್ಯುತ್ತಿದ್ದರು.

ಆ ಕಾಲು ನಿಧಾನಕ್ಕೆ ಕಿವುಡಾಯಿತು. ಗುಂಡಪ್ಪ ಯಾರಿಗೂ ಹೇಳಲಿಲ್ಲ. ಹರವಿಗಳು ಒಡೆಯತೊಡಗಿದಾಗ ಕಟ್ಟಿಗೆ ಹಸಿ ಎಂದ, ಗಾಳಿ ಸರಿಯಿಲ್ಲ ಎಂದ. ಕೊನೆಗೊಂದು ದಿನ ಅವನು ಹಾಡಿಕೊಳ್ಳುತ್ತ ಮಣ್ಣು ತುಳಿಯುತ್ತಿದ್ದಾಗ ನೀರು ತಂದ ಹೆಂಡತಿ ಕಲ್ಲವ್ವ ಚೀರಿದಳು. ಮಣ್ಣು ಕೆಂಪಾಗಿತ್ತು. ಒಡೆದ ಬಾಟಲಿಯ ಗಾಜೊಂದು ಅವನ ಎಡಗಾಲಿನ ಹೆಬ್ಬೆರಳನ್ನು ಸೀಳಿ ಕೂತಿತ್ತು, ಅವನಿಗೆ ಸುದ್ದಿಯೇ ಇಲ್ಲ! ಹೆಬ್ಬೆರಳು ಹೋಯಿತು. ಇನ್ನೊಂದು ಗಾಯವಾದರೆ ಮೊಣಕಾಲಿನ ಕೆಳಗೆ ಪೂರ್ತಿ ತೆಗೆಯಬೇಕಾಗುತ್ತದೆ ಎಂದು ದವಾಖಾನೆಯವರು ಕಡ್ಡಿ ಮುರಿದಂತೆ ಹೇಳಿದರು.

ಅಂದಿನಿಂದ ಮಣ್ಣು ಬಂದ್. ಬಂದ್ ಮಾಡಿದವಳು ಬೇರೆ ಯಾರೂ ಅಲ್ಲ, ಮಗಳು ಶಶಿಕಲಾ. ಊರಿನ ಸಂಶೋಧನಾಲಯದಲ್ಲಿ ಸಕ್ಕರೆ ಕಾಯಿಲೆಯ ಇಲಿಗಳನ್ನಿಟ್ಟುಕೊಂಡು ನರಗಳ ಬಗ್ಗೆ ಕೆಲಸ ಮಾಡುವವಳು. ಓಣಿಯವರ ಬಾಯಲ್ಲಿ 'ಇಲಿ ಡಾಕ್ಟರ್'. ಅಪ್ಪನಿಗೆ ಬೆಣ್ಣೆಯಂಥ ಹಾಸಿಗೆ ತಂದಳು, ಎರಡು ಪದರದ ಹತ್ತಿಯ ಕಾಲುಚೀಲ ತಂದಳು, ನೆಲಕ್ಕೆ ಕಾಲಿಟ್ಟರೆ ನೋಡು ಎಂದು ಬೆದರಿಸಿದಳು. ಗುಂಡಪ್ಪ ಮಗಳ ಮಾತು ಮೀರಲಿಲ್ಲ. ಕಿಟಕಿಯ ಬಳಿ ಕೂತು, ಅಂಗಳದಲ್ಲಿ ಹಿರಿಮಗ ಮಷೀನಿನಲ್ಲಿ ಮಣ್ಣು ಕಲಸಿ ಹೂವಿನ ಕುಂಡ ಮಾಡುವುದನ್ನು ನೋಡುತ್ತ ದಿನ ಕಳೆದ. ಅವನ ಮುಖ ನೋಡಿದಾಗಲೆಲ್ಲ ಶಶಿಕಲಾ ಮತ್ತೆ ತನ್ನ ಇಲಿಗಳ ಬಳಿಗೆ ಓಡುತ್ತಿದ್ದಳು. ಅಪ್ಪನ ಕಾಲಿಗೆ ಜೀವ ತರಿಸಬೇಕು. ಅವಳ ಕೆಲಸವೆಲ್ಲ ಅದೊಂದಕ್ಕಾಗಿಯೇ ಎಂಬಂತಾಗಿತ್ತು.

ಕೆಲಸವೇನೋ ಅರ್ಧ ಗೆದ್ದಿತ್ತು. ನಮ್ಮ ಮೈಯಲ್ಲಿ ಅತಿ ಉದ್ದದ ನರಗಳು ಬೆನ್ನಿನಿಂದ ಪಾದದವರೆಗೆ ಹೋಗುವಂಥವು. ಸಕ್ಕರೆ ಹೆಚ್ಚಾದಾಗ ಅವುಗಳ ತುತ್ತತುದಿಗೆ ಆಹಾರ ಮುಟ್ಟುವುದಿಲ್ಲ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಬಾರದ ಹಾಗೆ. ತುದಿ ಒಣಗುತ್ತದೆ, ಪಾದ ಮೊದಲು ಜೋಮು ಹಿಡಿಯುತ್ತದೆ. ಶಶಿಕಲಾಳ ತಂಡ ಕಂಡುಹಿಡಿದ 'ನರಬೀಜ' ಎಂಬ ಔಷಧವನ್ನು ಪಾದದ ಚರ್ಮದಡಿಗೆ ಚುಚ್ಚಿದರೆ, ಒಣಗಿದ ತುದಿಗೆ ಅಲ್ಲಿಯೇ ಉಣಿಸಿ ಅದನ್ನು ಮತ್ತೆ ಚಿಗುರಿಸುತ್ತಿತ್ತು. ಇದನ್ನು ಇಲಿಯಲ್ಲೇ ನೋಡುವುದೇಕೆಂದರೆ, ಮನುಷ್ಯನ ಮೂವತ್ತು ವರ್ಷದ ಕಾಯಿಲೆಯನ್ನು ಇಲಿ ಕೆಲವೇ ತಿಂಗಳಲ್ಲಿ ಅನುಭವಿಸಿ ತೋರಿಸುತ್ತದೆ. ಪಾಪದ ಪ್ರಾಣಿ, ನಮ್ಮ ಪಾಡನ್ನು ನಮಗಿಂತ ಮುಂಚೆ ಪಡುತ್ತದೆ.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇಲಿಗಳ ಪಾದದಲ್ಲಿ ನರಗಳು ಗರಿಕೆಯಂತೆ ಚಿಗುರಿದ್ದವು. ದವಾಖಾನೆಯಲ್ಲಿ ಮೊದಲ ತಂಡದ ರೋಗಿಗಳಿಗೂ ಕೊಟ್ಟಾಗಿತ್ತು. ಅವರಲ್ಲಿ ಗುಂಡಪ್ಪನೂ ಒಬ್ಬ. ಅವನ ಪಾದದ ಚರ್ಮದ ಚೂರು ತೆಗೆದು ನೋಡಿದರೆ ಅಲ್ಲಿಯೂ ನರಗಳು ಹಸಿರಾಗಿದ್ದವು. ಆದರೆ ಏನು ಬಂತು? ಇಲಿಯನ್ನು ಗಾಜಿನ ನೆಲದ ಮೇಲೆ ಬಿಟ್ಟು ಕೆಳಗಿನಿಂದ ಪಾದಕ್ಕೆ ದೀಪದ ಬಿಸಿ ತಾಗಿಸುತ್ತಿದ್ದರು. ಗಟ್ಟಿಮುಟ್ಟಾದ ಇಲಿಯಾದರೆ ಚಟ್ಟನೆ ಪಾದ ಎತ್ತುತ್ತದೆ. ಇವು ಎತ್ತಲೇ ಇಲ್ಲ. ಸುಡುವ ಮುನ್ನ ದೀಪ ತಾನೇ ಆರುತ್ತಿತ್ತು, ಇಲಿ ಮಾತ್ರ ಮೀಸೆ ತಿಕ್ಕಿಕೊಳ್ಳುತ್ತ ಆರಾಮಾಗಿ ಕೂತಿರುತ್ತಿತ್ತು. ಮನೆಯಲ್ಲಿ ಅಪ್ಪನೂ ಅಷ್ಟೇ.

"ತಂತಿ ಎಳದೀರಿ, ಕರೆಂಟ್ ಬಂದದ. ಬಲ್ಬ ಯಾಕ ಹತ್ತವಲ್ದು?" ಎಂದರು ಸಂಶೋಧನಾಲಯದ ಮುಖ್ಯಸ್ಥ ಹುಯಿಲಗೋಳ ಸರ್. ಮೃದು ಮನುಷ್ಯ, ಆದರೆ ಅಂದು ಅವರ ದನಿಯಲ್ಲಿ ಮೃದುವೇನೂ ಇರಲಿಲ್ಲ. "ಚಕ್ರಸಾಲಿಯವರ, ಕಮಿಟಿ ಬರಲಿಕ್ಕೆ ಹತ್ತೇದ. ಇಲಿ ಕಾಲ ಎತ್ತಲಿಲ್ಲಂದ್ರ ಅವರು ಈ ಕೆಲಸಕ್ಕ ಕೀಲಿ ಹಾಕಿಸಿ ಹೋಗ್ತಾರ. ದವಾಖಾನಿ ಪ್ರಯೋಗನೂ ನಿಂತಂಗ."

"ಸ್ವಲ್ಪ ದಿನಾ ಕೊಡ್ರಿ ಸರ್."

"ನಾ ಕೊಡ್ತೀನಿ. ಅವರು ಕೊಡಬೇಕಲ್ಲಾ!"

ಅದಾದ ಮೇಲೆ ಶಶಿಕಲಾ ಮಾಡದ ಪ್ರಯತ್ನವಿಲ್ಲ. ಔಷಧದ ಪ್ರಮಾಣ ಹೆಚ್ಚಿಸಿದಳು, ಇಳಿಸಿದಳು, ದೀಪ ಬದಲಿಸಿದಳು, ಗಾಜು ಬದಲಿಸಿದಳು. ಇಲಿಗಳು ಜಪ್ಪಯ್ಯ ಎನ್ನಲಿಲ್ಲ. ತಲೆ ಕೆಟ್ಟು ಗೊಬ್ಬರವಾಗಿದ್ದಾಗ ಒಂದು ಮಧ್ಯಾಹ್ನ ಸಾಲಿನ ತುದಿಯ ಪಂಜರದ ಇಲಿಯೊಂದನ್ನು ಗಾಜಿನ ಮೇಲೆ ಬಿಟ್ಟಳು. ದೀಪ ಹತ್ತಿತು. ಇಲಿ ಪಟಕ್ಕನೆ ಪಾದ ಎತ್ತಿ, ನೆಕ್ಕಿಕೊಂಡು, ಅವಳನ್ನು ದುರುಗುಟ್ಟಿ ನೋಡಿತು.

ಇದೇನೋ ಆಕಸ್ಮಿಕ ಎಂದುಕೊಂಡಳು. ಇನ್ನೊಮ್ಮೆ ಮಾಡಿದಳು. ಮತ್ತೆ ಎತ್ತಿತು. ಅದೇ ಪಂಜರದ ಉಳಿದ ಇಲಿಗಳನ್ನು ತಂದಳು, ಎಲ್ಲವೂ ಎತ್ತಿದವು! ಪಕ್ಕದ ಪಂಜರದವು? ಕಲ್ಲಿನ ಬಸವಣ್ಣನ ಹಾಗೆ ಕೂತಿದ್ದವು. ಅದೇ ಔಷಧ, ಅದೇ ಆಹಾರ, ಅದೇ ನೀರು, ಅದೇ ಗಾಳಿ. ಈ ಒಂದು ಪಂಜರಕ್ಕೆ ಯಾವ ದೇವರು ಒಲಿದ?

ಮರುದಿನ ಬೆಳಗ್ಗೆ, ಇನ್ನೂ ಯಾರೂ ಬರುವ ಮುಂಚೆ, ಅವಳು ನೇರ ಇಲಿಮನೆಗೆ ಹೋದಳು. ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಹಿತ್ತಲಲ್ಲಿ ನೀರಿನ ಸದ್ದಾಯಿತು. ಹೋಗಿ ನೋಡಿದವಳು ಹಾಗೇ ನಿಂತುಬಿಟ್ಟಳು. ಹಗ್ಗಕ್ಕೆ ಸಾಲಾಗಿ ಕೌದಿಗಳು ಒಣಗುತ್ತಿದ್ದವು. ಹಳೆಯ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರಪದರವಾಗಿಟ್ಟು ಸಣ್ಣ ಹೊಲಿಗೆ ಹಾಕಿದ, ಮೂಲೆಗೆ ಕೆಂಪು ಬಣ್ಣದ ಮುಕ್ಕೋನ ಕೂರಿಸಿದ, ಥೇಟ್ ಮನೆಯಲ್ಲಿ ಹಾಸುವಂಥ ಕೌದಿಗಳೇ. ಆದರೆ ಒಂದೊಂದೂ ಇಲಿಪಂಜರದ ತಳದಷ್ಟೇ ಅಗಲ.

ಬಕೆಟ್ಟಿನ ಮುಂದೆ ಕೂತು ಇನ್ನೊಂದನ್ನು ಹಿಂಡುತ್ತಿದ್ದ ಇಲಿಮನೆಯ ಫಕ್ಕೀರವ್ವ ಇವಳನ್ನು ಕಂಡು ಎದ್ದು ನಿಂತಳು. ಇಲಿಗಳ ಊಟ, ನೀರು, ಪಂಜರದ ಸ್ವಚ್ಛತೆ ಎಲ್ಲ ಅವಳದೇ.

"ಏನಿದು ಫಕ್ಕೀರವ್ವ?"

"ಕೌದಿರೀ ಮೇಡಮ್ಮಾರ."

"ಅದು ಕಾಣಾಕತ್ತೈತಿ. ಯಾರಿಗೆ?"

"ಮತ್ತ್ಯಾರಿಗ್ರೀ, ನಮ್ಮ ಮಕ್ಕಳಿಗೆ." ಅವಳು ಇಲಿಗಳನ್ನು ಕರೆಯುತ್ತಿದ್ದುದೇ ಹಾಗೆ. "ಕಾಲಬ್ಯಾನಿ ಮಕ್ಕಳ್ರೀ ಅವು. ಪಂಜರದಾಗ ನೀವು ಹಾಸೂದು ಏನು? ಗೋವಿನಜೋಳದ ಬೆಂಡು ಕುಟ್ಟಿದ ಚೂರು. ಮುಟ್ಟಿ ನೋಡ್ರಿ, ಹೆಂಗ ಚುಚ್ತಾವ. ಜಡ್ಡಿನ ಜೀವಕ್ಕ ಯಾರರ ಮುಳ್ಳಿನ ಹಾಸಿಗಿ ಹಾಸ್ತಾರೇನ್ರೀ? ನೀವು ಹೋದ ಮ್ಯಾಲೆ ಸಂಜೀಕ ಕೌದಿ ಹಾಸ್ತೀನಿ, ನೀವು ಬರೂದ್ರಾಗ ತಕ್ಕೊಂಡು ಒಗದು ಹಾಕ್ತೀನಿ. ನಮ್ಮನಿಯವರ ಕಾಲ ಇದ ಸಕ್ರಿ ಬ್ಯಾನಿಗೆ ಹೋತ್ರೀ. ಆ ಸಂಕಟ ನನಗ ಗೊತ್ತೈತಿ."

ಶಶಿಕಲಾಳ ತಲೆಯಲ್ಲಿ ಒಂದೇ ಸಲ ನೂರು ಗಂಟೆ ಬಾರಿಸಿದಂತಾಯಿತು. "ತುದಿ ಪಂಜರದಾವಕ್ಕ?"

"ಅವಾ?" ಫಕ್ಕೀರವ್ವ ಮುಖ ಸಿಂಡರಿಸಿದಳು. "ಶುದ್ಧ ಹಲ್ಕಟ್ ಅದಾವ್ರೀ ಅವು! ಎಷ್ಟ ಹಾಸಿದ್ರೂ ಕಡದು ಚಿಂದಿ ಮಾಡಿ ಒಗೀತಾವ. ಬೆಳತನಕಾ ಬೆಂಡಿನ ಮ್ಯಾಲೆ ಬಿದ್ದು ಹೊರಳಾಡ್ರಿ ನಿಮ್ಮ ಹಣೇಬಾರ ಅಂತ ಬಿಟ್ಟೀನಿ."

ಇಲಿ ಹಗಲು ಮಲಗುತ್ತದೆ, ಇರುಳು ತಿರುಗುತ್ತದೆ. ಅಂದರೆ ಇವು ಓಡಾಡಿದ ಹೊತ್ತೆಲ್ಲ ಕೌದಿಯ ಮೇಲೆಯೇ! ಹೊಸದಾಗಿ ಚಿಗುರಿದ ನರಕ್ಕೆ ಉಜ್ಜುವುದಾಗಲಿ ಚುಚ್ಚುವುದಾಗಲಿ ಏನೂ ಸಿಕ್ಕಿಲ್ಲ. ಮೆದುಳಿಗೆ ಹೇಳಲಿಕ್ಕೆ ಸುದ್ದಿಯೇ ಇಲ್ಲದ ಮೇಲೆ ನರ ಏನೆಂದು ಹೇಳೀತು? ಮೆದುಳೂ ಕೇಳುವುದನ್ನೇ ಬಿಟ್ಟಿತು. ತುದಿ ಪಂಜರದ ಪುಂಡರು ಮಾತ್ರ ರಾತ್ರಿಯೆಲ್ಲ ಬೆಂಡಿನ ಚೂರು ತುಳಿದು, ಚುಚ್ಚಿಸಿಕೊಂಡು, ತಮ್ಮ ಮೆದುಳನ್ನು ಬಡಿದೆಬ್ಬಿಸಿದ್ದವು.

"ಎಂಥಾ ಕೆಲಸ ಮಾಡಿದೆ ಫಕ್ಕೀರವ್ವ! ಇಷ್ಟು ದಿನದ ದುಡಿಮಿ ಎಲ್ಲಾ ನೀರಾಗ ಹೋಮ ಆತಲ್ಲ! ಕಾಳಜಿ ಮಾಡಾಕ ಹೋಗಿ ಅವನ್ನ ಕೆಡಿಸಿಟ್ಟಿ ನೀನು! ಮೆತ್ತಗ, ಬೆಚ್ಚಗ ಇಟ್ಟು ಇಟ್ಟು…"

ಮಾತು ಅಲ್ಲಿಗೇ ನಿಂತಿತು. ಬೆಣ್ಣೆಯಂಥ ಹಾಸಿಗೆ, ಎರಡು ಪದರದ ಕಾಲುಚೀಲ, ಕಿಟಕಿಯ ಬಳಿ ಕೂತ ಅಪ್ಪ ಕಣ್ಣಮುಂದೆ ಬಂದರು. ಫಕ್ಕೀರವ್ವ ಇಲಿಗೆ ಮಾಡಿದ್ದನ್ನೇ ತಾನು ಹೆತ್ತಪ್ಪನಿಗೆ ಮಾಡಿದ್ದಳು. ಅವಳಿಗೆ ಎಷ್ಟು ನಾಚಿಕೆಯಾಯಿತೆಂದರೆ, ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕುಳಿತಳು. ಬೈಸಿಕೊಂಡವಳೇ ಓಡಿಹೋಗಿ ನೀರು ತಂದುಕೊಟ್ಟಳು.

ಮುಂದಿನದು ಚಕಚಕನೆ ನಡೆಯಿತು. ಆಗಲೇ ಕಾಲು ಜೋಮು ಹಿಡಿದಿದ್ದ ಹೊಸ ಇಲಿಗಳು, ಎರಡು ಗುಂಪು. ಎಲ್ಲಕ್ಕೂ ನರಬೀಜ; ಒಂದು ಗುಂಪಿಗೆ ಇರುಳು ಕೌದಿ, ಇನ್ನೊಂದಕ್ಕೆ ಬೆಂಡಿನ ಚೂರು. ದೀಪ ಹಚ್ಚುವವರಿಗೆ ಯಾವ ಇಲಿ ಯಾವ ಗುಂಪಿನದೆಂದು ಗೊತ್ತಾಗದಂತೆ ವ್ಯವಸ್ಥೆ. ಕದ್ದು ಹಾಸುತ್ತಿದ್ದ ಕೌದಿ ಈಗ ವಿಜ್ಞಾನದ ಉಪಕರಣವಾಯಿತು, ಫಕ್ಕೀರವ್ವ ಅದರ ಅಧಿಕೃತ ತಯಾರಕಳಾದಳು. ಆದರೂ ಅವಳ ಜೀವ ಮಿಡುಕುವುದು ತಪ್ಪಲಿಲ್ಲ. "ಕೌದಿ ಹಾಕಿದ್ರ ಇವು ಸೋಲ್ತಾವ, ಹಾಕದಿದ್ರ ಅವಕ್ಕ ಚುಚ್ತೈತಿ. ಇದೆಂಥಾ ನ್ಯಾಯರೀ ಮೇಡಮ್ಮಾರ?" ಎಂದು ದಿನವೂ ಗೊಣಗುವಳು. ಕೆಲಸ ಮುಗಿದ ಕೂಡಲೇ ಕೌದಿಯ ಇಲಿಗಳನ್ನೂ ಬೆಂಡಿನ ಮೇಲೆ ಬಿಟ್ಟು ಗುಣಮಾಡುತ್ತೇನೆಂದು ಶಶಿಕಲಾ ಮಾತು ಕೊಟ್ಟ ಮೇಲೆಯೇ ಅವಳಿಗೆ ಸಮಾಧಾನವಾದದ್ದು.

ಕಮಿಟಿಯವರು ಬಂದು ಗಾಜಿನ ಸುತ್ತ ಕೂತರು. ಮೊದಲ ಇಲಿ ಗಾಜಿನ ಮೇಲೆ ಬಂತು. ದೀಪ ಹತ್ತಿತು. ಇಲಿ ಸುಮ್ಮನಿತ್ತು. ಎರಡನೆಯದೂ ಸುಮ್ಮನಿತ್ತು. ಹುಯಿಲಗೋಳ ಸರ್ ಕನ್ನಡಕ ತೆಗೆದು ಒರೆಸತೊಡಗಿದರು. ಮೂರನೆಯದು 'ಚೀಂ' ಎಂದು ಕಿರುಚಿ ಪಾದ ಎತ್ತಿ ಗಾಜಿನ ಮೂಲೆಗೆ ಜಿಗಿಯಿತು! ನಾಲ್ಕನೆಯದೂ ಎತ್ತಿತು. ಒಂದಾದ ಮೇಲೊಂದು, ಬೆಂಡಿನ ಮೇಲೆ ಇರುಳು ಕಳೆದ ಇಲಿಗಳೆಲ್ಲ ಎತ್ತಿದವು, ಕೌದಿಯವು ಎತ್ತಲಿಲ್ಲ. ಯಾವ ಇಲಿ ಯಾವ ಗುಂಪಿನದೆಂದು ಬಿಚ್ಚಿ ತೋರಿಸಿದಾಗ ಕಮಿಟಿಯ ಗಂಭೀರ ಮುಖಗಳೆಲ್ಲ ಅರಳಿದವು. ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ಬಾಗಿಲ ಮರೆಯಲ್ಲಿ ನಿಂತಿದ್ದ ಫಕ್ಕೀರವ್ವ ಎಲ್ಲರಿಗಿಂತ ಜೋರಾಗಿ ತಟ್ಟಿದಳು.

"ನೋವಾತು ಅಂತ ಕುಣಿಯೂ ಮಂದಿ ಈ ಜಗತ್ತಿನ್ಯಾಗ ನಾವ ಇರಬೇಕು ನೋಡ್ರಿ!" ಎಂದು ಹುಯಿಲಗೋಳ ಸರ್ ನಕ್ಕರು. ಕೆಲಸ ಮುಂದುವರಿಸಲು ಒಪ್ಪಿಗೆ ಅಲ್ಲಿಯೇ ಸಿಕ್ಕಿತು.

ಆದರೆ ಶಶಿಕಲಾಳಿಗೆ ನಿಜವಾದ ಪರೀಕ್ಷೆ ಮನೆಯಲ್ಲಿತ್ತು.

ದವಾಖಾನೆಯವರು ರೋಗಿಗಳಿಗೆ ರಬ್ಬರಿನ ಗುಬುಟುಗಳಿರುವ ಚಾಪೆ ಕೊಟ್ಟು, ದಿನಾ ತುಳಿಯಿರಿ ಎಂದರು. ಉಳಿದವರಿಗೆ ಅದರಿಂದ ನಿಧಾನಕ್ಕೆ ಗುಣ ಕಾಣತೊಡಗಿತು. ಗುಂಡಪ್ಪ ಮಾತ್ರ, "ಈ ಬಾಚಣಿಕಿ ತುಳದು ನಾ ಏನ ಮಾಡ್ಲಿ?" ಎಂದು ಎರಡು ದಿನಕ್ಕೆ ಅದನ್ನು ಮಡಚಿಟ್ಟ. ಶಶಿಕಲಾಳಿಗೂ ಅದು ಸರಿಯೆನ್ನಿಸಿತು. ಅಪ್ಪನ ಮೆದುಳಿಗೆ ಗೊತ್ತಿರುವ ಭಾಷೆ ಒಂದೇ. ಮಣ್ಣು. ಬಾಯಿ ತೆರೆದು ಹೇಳುವುದು ಮಾತ್ರ ಸುಲಭವಿರಲಿಲ್ಲ. ಇನ್ನೂ ಕಿವುಡಾಗಿರುವ ಕಾಲನ್ನು ಮಣ್ಣಿಗಿಳಿಸಿ, ಒಳಗೊಂದು ಚೂಪು ಕಲ್ಲೋ ಗಾಜೋ ಉಳಿದು, ಗಾಯವಾದರೆ ಕಾಲೇ ಹೋಗುತ್ತದೆ. ಹೋದರೆ ಕಳೆದವಳು ತಾನೇ. ಎರಡು ದಿನ ಅವಳಿಗೆ ಅನ್ನ ಸೇರಲಿಲ್ಲ. ಕೊನೆಗೆ ಹೇಳಿದಳು.

ಕಲ್ಲವ್ವ ಉರಿದುಬಿದ್ದಳು. "ತಲಿ ನೆಟ್ಟಗೈತಿಲ್ಲೋ ನಿಂದು? ಮಣ್ಣಿಗೆ ಇಳೀಬ್ಯಾಡ ಅಂದಾಕಿ ನೀನ, ಇಳಿ ಅನ್ನಾಕಿ ನೀನ! ಆ ಕಾಲ ಯಾರದಂತ ತಿಳದಿ? ನಿಮ್ಮಪ್ಪಂದಲ್ಲ, ನಂದು! ದಿನಾ ತೊಳದು, ಒರಸಿ, ಬಟ್ಟಿ ಕಟ್ಟಿ ಕಾಯ್ದಾಕಿ ನಾನು. ನಿನ್ನ ಇಲಿ ಕಾಲಿನಂಗ ಆಟಕ್ಕ ಕೊಡಾಂಗಿಲ್ಲ."

"ಯವ್ವಾ, ನನಗೂ ಅಂಜಿಕಿ ಐತಿ."

"ಅಂಜಿಕಿ ಇದ್ರ ಸುಮ್ನಿರು."

ಅಷ್ಟೊತ್ತಿಗೆ ಹಾಸಿಗೆಯಿಂದ ಗುಂಡಪ್ಪನ ದನಿ ಬಂತು. ಜಗಳವಿಲ್ಲ, ಸಿಟ್ಟಿಲ್ಲ, ಮೆಲ್ಲಗೆ ಹೇಳಿದ. "ಕಲ್ಲವ್ವಾ, ಕಾಲ ಕಾಯ್ದಿ, ಖರೆ. ಆದ್ರ ಕಾಯ್ದು ಏನ್ ಮಾಡೂನು? ಬಂದ ಮಂದಿಗೆ ತೋರಸಾಕ ಇಟ್ಕೊಳ್ಳೇನ ಇದನ್ನ? ಹೋದ್ರ ಮಣ್ಣಾಗ ಹೋಗವಲ್ದ್ಯಾಕ."

ಕಲ್ಲವ್ವ ಕಣ್ಣು ಒರೆಸಿಕೊಂಡು ಎದ್ದು, ಅಟ್ಟದ ಮೇಲಿನ ಜರಡಿ ಇಳಿಸಿದಳು. "ಮಣ್ಣ ನಾ ಸೋಸಿ ಕೊಡ್ತೀನಿ. ನಾ ಸೋಸಿದ್ದಲ್ಲದ ಬ್ಯಾರೆ ಮಣ್ಣಿಗೆ ಕಾಲ ಇಡೂಹಂಗಿಲ್ಲ. ಸಂಜೀಕ ದಿನಾ ಕಾಲ ನನಗ ತೋರಸಬೇಕು. ತಿಳೀತ?"

ಹೀಗೆ ಗುಂಡಪ್ಪ ಮತ್ತೆ ಮಣ್ಣಿಗಿಳಿದ. ಮೊದಲ ದಿನ ಕಾಲುಚೀಲ ಕಳಚಿ ಹಸಿಮಣ್ಣಿಗೆ ಪಾದ ಊರಿದಾಗ ಅವನ ಮುಖ ನೋಡಬೇಕಿತ್ತು. ತವರಿಗೆ ಬಂದ ಹೆಣ್ಣುಮಗಳಂತೆ ಅರಳಿತ್ತು. ಕೆಲವು ವಾರ ಬರಿಯ ಮಣ್ಣು. ಆಮೇಲೆ ಶಶಿಕಲಾ ಹೊಳೆಯ ನುಣುಪು ಹರಳುಗಳನ್ನು ಆಯ್ದು ತಂದು, ಚರ್ಮ ಕೊರೆಯದಂಥವನ್ನೇ ಮಣ್ಣಿನಲ್ಲಿ ಹುದುಗಿಸಿಡತೊಡಗಿದಳು. "ಹುಡುಕಪಾ ನೋಡೂನು" ಎಂದಳು.

"ಸಿಕ್ತು! ಇಲ್ಲೈತಿ!" ಎಂದು ಗುಂಡಪ್ಪ ಮೊದಲ ದಿನವೇ ಕೂಗಿದ. ಕಲ್ಲವ್ವ ಕೈಮುಗಿದಳು. ಶಶಿಕಲಾಳ ಎದೆ ಹಿಗ್ಗಿತು. ಆದರೆ ಅವನ ಪಾದದ ಕೆಳಗೆ ಕೈಹಾಕಿ ನೋಡಿದರೆ ಏನೂ ಇರಲಿಲ್ಲ. ಇನ್ನೊಮ್ಮೆ ಇಟ್ಟಳು. ಈ ಸಲ ಅವಳು ಮಣ್ಣನ್ನು ನೋಡದೆ ಅಪ್ಪನನ್ನು ನೋಡಿದಳು. ಅಪ್ಪ ತನ್ನ ಪಾದದ ಕಡೆ ನೋಡುತ್ತಿರಲಿಲ್ಲ. ಅವಳ ಕಣ್ಣನ್ನು ನೋಡುತ್ತಿದ್ದ. ಕಲ್ಲಿಟ್ಟ ಜಾಗಕ್ಕೆ ಬಂದಾಗ ಅವಳ ರೆಪ್ಪೆ ಅಲುಗಿದ್ದನ್ನು ಹಿಡಿದು, "ಸಿಕ್ತು!" ಎನ್ನುತ್ತಿದ್ದ. ಮಗಳ ಮನಸ್ಸು ನೋಯಬಾರದೆಂದು! ಇಲಿ ಸುಳ್ಳು ಹೇಳುವುದಿಲ್ಲ, ಅಪ್ಪ ಹೇಳುತ್ತಾನೆ. ಅವಳು ಹಿತ್ತಲಿಗೆ ಹೋಗಿ ಅತ್ತು ಬಂದಳು.

ಮರುದಿನದಿಂದ ಅವನ ಕಣ್ಣಿಗೆ ಟವೆಲ್ ಕಟ್ಟಿಯೇ ತುಳಿಸಿದಳು. ಒಂದೂ ಸಿಗಲಿಲ್ಲ. ಗುಂಡಪ್ಪ ಮಂಕಾದ, ಸಿಡುಕಿದ, ಆದರೆ ಬಿಡಲಿಲ್ಲ. ಹಲ್ಲು ಕಚ್ಚಿ ತುಳಿದ. ಕಲ್ಲವ್ವನೂ ಬಿಡಲಿಲ್ಲ, ಗಂಡನ ಕಾಲಿಗೆ ಮುಳ್ಳಿನ ಮೊನೆಯೂ ತಾಗಬಾರದೆಂದು ಜರಡಿ ಸಾಲದೆ ತೆಳ್ಳನೆಯ ಮಲ್ಲು ಬಟ್ಟೆಯಲ್ಲಿ ಎರಡೆರಡು ಸಲ ಮಣ್ಣು ಸೋಸಿದಳು. ಮಳೆಗಾಲ ಕಳೆಯಿತು. ಒಂದು ಬೆಳಗ್ಗೆ ಗುಂಡಪ್ಪ, "ಅಂಗಾಲಾಗ ಇರಿವಿ ಹರದಾಡಿದಂಗ ಆಗಾಕತ್ತೈತಿ, ಏನೋ ಕಡೀತೈತಿ, ನೋಡವಾ" ಎಂದ. ನೋಡಿದರೆ ಇರುವೆಯೂ ಇಲ್ಲ, ಕಡಿದ ಗುರುತೂ ಇಲ್ಲ. ನರ ಎಚ್ಚರಗೊಳ್ಳುವಾಗ ಹೀಗೇ ಆಗುತ್ತದೆಂದು ಶಶಿಕಲಾಳಿಗೆ ಗೊತ್ತಿತ್ತು. ಆದರೂ ಖುಷಿಪಡಲಿಕ್ಕೆ ಅವಳಿಗೆ ಭಯವಾಗಿತ್ತು. ಕೆಲವು ದಿನ ಕಳೆದ ಮೇಲೆ ಒಂದು ಭಾನುವಾರ, ಬಿಸಿಲೇರುವ ಮುಂಚೆ, ಅಂಗಳದಲ್ಲಿ ಹೊಸ ಮಣ್ಣಿನ ಗುಡ್ಡೆ ಹಾಕಿಸಿದಳು.

"ಯಪ್ಪಾ, ಇವತ್ತ ಇದರಾಗ ಮೂರು ಹಳ್ಳು ಹಾಕೀನಿ. ಹುಡುಕಿ ಕೊಡು."

ಕಣ್ಣು ಕಟ್ಟಿದರು. ಕಲ್ಲವ್ವ ಕೈ ಹಿಡಿದು ಗುಡ್ಡೆಯ ಅಂಚಿಗೆ ನಿಲ್ಲಿಸಿದಳು. ಗುಂಡಪ್ಪ ಹಿಮ್ಮಡಿ ಊರಿ ಒತ್ತುತ್ತ ಸುತ್ತು ಹಾಕಿದ. ಅಂಚು ಮುಗಿಯಿತು, ನಡು ಮುಗಿಯಿತು. ಮಾತಿಲ್ಲ. ತಿರುಗಿ ಇನ್ನೊಂದು ಸುತ್ತು ಹೊರಟ. ಹಣೆಯ ಮೇಲೆ ಗೆರೆ ಮೂಡಿತು. ಈಗ ಅವನು 'ಸಿಕ್ತು' ಎಂದರೆ ಎಲ್ಲ ಮುಗಿದಂತೆ. ಏಕೆಂದರೆ ಅವಳು ಮಣ್ಣಿನಲ್ಲಿ ಒಂದು ಹಳ್ಳನ್ನೂ ಹಾಕಿರಲಿಲ್ಲ.

ಗುಂಡಪ್ಪ ನಿಂತ. ಕಣ್ಣಿಗೆ ಕಟ್ಟಿದ್ದನ್ನು ಕಿತ್ತೆಸೆದ. ಮುಖ ಕೆಂಪಗಾಗಿತ್ತು.

"ಹಳ್ಳು ಎಲ್ಲದಾವ?"

"ಅದಾವಪಾ, ಇನ್ನೊಮ್ಮೆ ತುಳಿ" ಎಂದಳು.

"ಏ, ಇಲ್ಲ! ಮೂಲಿ ಮೂಲಿ ತುಳದೀನಿ. ಒಂದರ ಇದ್ರ ನನ್ನ ಕಾಲಿಗೆ ಸಿಗತಿತ್ತು. ಹಾಕಿಲ್ಲ ನೀನು. ಅಪ್ಪನ ಮುಂದ ಸುಳ್ಳ ಹೇಳಾಕ ಯಾವಾಗ ಕಲತಿ?"

ಶಶಿಕಲಾಳಿಗೆ ನಗು ಮೊದಲು ಬಂತೋ ಅಳು ಮೊದಲು ಬಂತೋ ತಿಳಿಯಲಿಲ್ಲ. ಮಣ್ಣೆಂದು ನೋಡದೆ ಗುಡ್ಡೆಯೊಳಗೆ ಇಳಿದು ಅಪ್ಪನನ್ನು ತಬ್ಬಿಕೊಂಡಳು. ಕಲ್ಲವ್ವ ಅಲ್ಲೇ ನೆಲಕ್ಕೆ ಕೂತು, ಗಂಡನ ಕೆಸರುಗಾಲನ್ನು ಎರಡೂ ಕೈಯಲ್ಲಿ ಹಿಡಿದು ಗಟ್ಟಿಯಾಗಿ ಅತ್ತಳು.

ಗುಂಡಪ್ಪನ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಅಳೂದು ಆಮೇಲೆ ಅಳ್ರಿ. ಕಲ್ಲವ್ವಾ, ಸೋಸಿ ಸೋಸಿ ಮಣ್ಣಾಗಿನ ಉಸುಕೆಲ್ಲಾ ತಗದಿಟ್ಟೀಯಲ್ಲ! ಹಿಟ್ಟಿನಂಗಾಗೈತಿ, ನನ್ನ ಕಾಲಿಗೆ ತಿಳಿಯೂದಿಲ್ಲೇನ? ಈ ಮಣ್ಣಿಲೆ ಹರವಿ ಮಾಡಿದ್ರ ಒಣಗೂದ್ರಾಗ ಬಾಯಿ ಬಿಡ್ತಾವ. ಶಶೀ, ನಿಂತ ಏನ ನೋಡ್ತಿ? ಹೋಗು, ಒಂದ ಬುಟ್ಟಿ ಉಸುಕು ತಾ."

ಡಾಕ್ಟರ್ ಶಶಿಕಲಾ ಚಕ್ರಸಾಲಿ ಮೊಣಕಾಲುಮಟ ಮಣ್ಣು ಮೆತ್ತಿಕೊಂಡು, ಬುಟ್ಟಿ ಹಿಡಿದು ಓಡಿದಳು.